ಲಕ್ವ ಹೊಡೆದು ಎಂಟು ತಿಂಗಳಾದ ಮೇಲೂ ವ್ಯಾಯಾಮದಿಂದ ಉಪಯೋಗ ಉಂಟೇ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಮಾತು ಬಹುಮಟ್ಟಿಗೆ ಮರಳಿದೆ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಆದರೆ ಅಂಗಳದವರೆಗೆ ಹೋಗಿಬಂದರೆ ಸುಸ್ತಾಗಿ ಕೂತುಬಿಡುತ್ತಾರೆ. ಆರು ತಿಂಗಳೊಳಗೆ ಆದದ್ದಷ್ಟೇ, ಇನ್ನೇನೂ ಸುಧಾರಿಸುವುದಿಲ್ಲ ಎಂದು ನೆಂಟರೆಲ್ಲ ಹೇಳುತ್ತಾರೆ. ವ್ಯಾಯಾಮ ಮಾಡಿಸಿದರೆ ಬಿ.ಪಿ. ಏರಿ ಮತ್ತೊಮ್ಮೆ ಹೊಡೆದೀತು ಎಂಬ ಭಯ ಅಮ್ಮನಿಗೆ. ಟ್ರೆಡ್‌ಮಿಲ್ ಕೊಳ್ಳೋಣ ಅನ್ನುತ್ತಿದ್ದಾನೆ ತಮ್ಮ. ಏನು ಮಾಡಲಿ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ನೆಂಟರ ಮಾತಿನಲ್ಲಿ ಒಂದಿಷ್ಟು ನಿಜವಿದೆ; ಅದು ಆಮೇಲೆ. ಮೊದಲು ಆ ಸುಸ್ತಿನ ವಿಷಯಕ್ಕೆ ಬರೋಣ. ಇದೂ ಲಕ್ವದ್ದೇ ಒಂದು ಭಾಗ, ಸಹಿಸಿಕೊಳ್ಳಬೇಕು ಎಂದು ಎಷ್ಟೋ ಮನೆಗಳಲ್ಲಿ ಸುಮ್ಮನಾಗಿಬಿಡುತ್ತಾರೆ. ನಿಮ್ಮ ಪತ್ರದಲ್ಲಿ ನನಗೆ ಭರವಸೆ ಕಂಡದ್ದು ಆ ಸಾಲಿನಲ್ಲೇ. ಆ ಸುಸ್ತಿನಲ್ಲಿ ದೊಡ್ಡ ಪಾಲು ನೀಗಿಸಿಕೊಳ್ಳಬಹುದಾದದ್ದು.

ತೋಟದ ಪಂಪ್‌ಸೆಟ್ಟಿನ ಕೇಬಲ್ ಸುಟ್ಟಿತು ಅನ್ನಿ. ಅದು ಸರಿಯಾಗುವವರೆಗೆ ಮೋಟರು ತಿಂಗಳುಗಟ್ಟಲೆ ಓಡದೆ ಬಿದ್ದು ತುಕ್ಕು ಹಿಡಿಯುತ್ತದೆ. ಆಮೇಲೆ ಕರೆಂಟ್ ಬಂದರೂ ನೀರು ಮೊದಲಿನಂತೆ ಏಳುವುದಿಲ್ಲ. ಕೇಬಲ್ಲಿನ ಹಾನಿ ಬೇರೆ, ತುಕ್ಕಿನ ಹಾನಿ ಬೇರೆ. ನಿಮ್ಮ ತಂದೆಗೂ ಹೀಗೆ ಎರಡು ಹಾನಿಗಳಾಗಿವೆ. ಮಿದುಳಿನ ಎಡಭಾಗದಲ್ಲಿ ರಕ್ತ ಹರಿಯುವುದು ನಿಂತೋ, ರಕ್ತಸ್ರಾವವಾಗಿಯೋ ಒಂದಿಷ್ಟು ಜೀವಕೋಶಗಳು ಸತ್ತದ್ದು ಮೊದಲನೆಯದು. ಎಂಟು ತಿಂಗಳು ಹೆಚ್ಚಾಗಿ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆದು ಹೃದಯ, ಶ್ವಾಸಕೋಶ, ಸ್ನಾಯು ಮೂರೂ ಸೊರಗಿದ್ದು ಎರಡನೆಯದು. ಮೊದಲನೆಯದರಲ್ಲಿ ನಮ್ಮ ಕೈಯಲ್ಲಿರುವುದು ಅಷ್ಟಕ್ಕಷ್ಟೆ. ಎರಡನೆಯದನ್ನು ಅರವತ್ತರಲ್ಲೂ ಎಪ್ಪತ್ತರಲ್ಲೂ ಸಾಕಷ್ಟು ಮರಳಿ ಪಡೆಯಬಹುದು.

ಜೋರಾಗಿ ಶ್ರಮಪಟ್ಟಾಗ ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ದೈಹಿಕ ಕಸುವಿನ ಒಳ್ಳೆಯ ಅಳತೆ. ಲಕ್ವ ಹೊಡೆದವರಲ್ಲಿ ಇದು ಅದೇ ವಯಸ್ಸಿನ ಆರೋಗ್ಯವಂತರದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಇನ್ನೊಂದು ಕಡೆ, ಸೋತ ಕಾಲನ್ನು ಎಳೆದುಕೊಂಡು ಅಷ್ಟೇ ದೂರ ನಡೆಯಲು ಮಾಮೂಲಿಗಿಂತ ಒಂದೂವರೆಯಿಂದ ಎರಡು ಪಟ್ಟು ಶಕ್ತಿ ಬೇಕು. ಇರುವುದು ಅರ್ಧ, ಬೇಕಾಗುವುದು ಎರಡು ಪಟ್ಟು. ಅಂಗಳಕ್ಕೆ ಹೋಗಿಬರುವುದು ನಿಮಗೆ ಏನೂ ಅಲ್ಲ; ಅವರಿಗೆ ಅದು ಮೈಯಲ್ಲಿರುವ ಕಸುವನ್ನೆಲ್ಲ ಹೀರುವ ಕೆಲಸ.

ಯಾಕೆ ಅಷ್ಟೊಂದು ಶಕ್ತಿ ಬೇಕು ಎಂದು ತಿಳಿಯಬೇಕಿದ್ದರೆ ಅವರು ನಡೆಯುವುದನ್ನು ಹಿಂದಿನಿಂದ ಒಮ್ಮೆ ನೋಡಿ. ಬಲ ಮಂಡಿ ಸರಿಯಾಗಿ ಮಡಚುವುದಿಲ್ಲ, ಪಾದದ ತುದಿ ಮೇಲೇಳುವುದಿಲ್ಲ. ಹಾಗಾಗಿ ಸೊಂಟವನ್ನೇ ಮೇಲೆತ್ತಿ, ಇಡೀ ಕಾಲನ್ನು ಹೊರಗಿನಿಂದ ಸುತ್ತು ಹಾಕಿ ತಂದು ಮುಂದಿಡುತ್ತಾರೆ. ಇಟ್ಟ ಬಲಗಾಲಿನ ಮೇಲೆ ಭಾರ ಬಿಡಲು ಧೈರ್ಯವಿಲ್ಲದೆ ತಕ್ಷಣ ಎಡಗಾಲಿಗೆ ಜಿಗಿಯುತ್ತಾರೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಅವರ ಬಲಗಾಲಿನ ಚಪ್ಪಲಿಯನ್ನು ತಿರುಗಿಸಿ ನೋಡಿದರೆ ಹೆಬ್ಬೆರಳ ಕೆಳಗೆ ಸವೆದಿರುತ್ತದೆ, ಹಿಮ್ಮಡಿ ಹೊಸದರಂತೆ ಇರುತ್ತದೆ. ಹವಾಯಿ ಚಪ್ಪಲಿಯಾದರೆ ಎಷ್ಟೋ ಸಲ ಕಾಲಿನಿಂದ ಕಳಚಿದ್ದೇ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾರೆ, ಪಾದದಲ್ಲಿ ಸ್ಪರ್ಶವೂ ಕಡಿಮೆಯಾಗಿರುತ್ತದಲ್ಲ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಶೂ ಮೊದಲು ತನ್ನಿ. ಪಾದ ಜೋತುಬೀಳುತ್ತಿದ್ದರೆ ಅದನ್ನು ಎತ್ತಿಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಬೇಕೇ ಎಂದು ಫಿಜಿಯೋಥೆರಪಿಸ್ಟರನ್ನು ಕೇಳಿ. ನಮ್ಮ ಮನೆಗಳಲ್ಲಿ ಇದಕ್ಕೊಂದು ತೊಡಕುಂಟು: ಒಳಗೆ ಚಪ್ಪಲಿ ಹಾಕಬಾರದು ಎಂದು ಸ್ಪ್ಲಿಂಟನ್ನೂ ಬಾಗಿಲಲ್ಲೇ ಕಳಚಿಡುತ್ತಾರೆ. ದಿನದ ಮುಕ್ಕಾಲು ಪಾಲು ನಡೆಯುವುದು ಒಳಗೇ. ಮನೆಯೊಳಗೆ ಮಾತ್ರ ಹಾಕಲು ಬೇರೊಂದು ಜೊತೆ ಇಟ್ಟುಬಿಡಿ, ಮಡಿ-ಮೈಲಿಗೆಯ ಜಗಳವೇ ಇರುವುದಿಲ್ಲ.

ಈಗ ಆರು ತಿಂಗಳ ಗಡುವಿನ ವಿಷಯ. 1995ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನ ಎಂಟುನೂರಕ್ಕೂ ಹೆಚ್ಚು ರೋಗಿಗಳ ನಡಿಗೆಯನ್ನು ವಾರವಾರ ಗಮನಿಸಿ, ನೂರರಲ್ಲಿ 95 ಜನ ತಮಗೆ ಸಾಧ್ಯವಾದ ಅತ್ಯುತ್ತಮ ನಡಿಗೆಯನ್ನು 11 ವಾರಗಳೊಳಗೇ ಮುಟ್ಟಿದ್ದರು ಎಂದು ಹೇಳಿತು. ಮಿದುಳು ತನ್ನಷ್ಟಕ್ಕೆ ಚೇತರಿಸಿಕೊಳ್ಳುವ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು, ಆಮೇಲೆ ಕುಗ್ಗುತ್ತದೆ ಎಂಬುದು ಖರೆ. ನೆಂಟರ ಮಾತಿನಲ್ಲಿರುವ ನಿಜ ಇದು. ಆದರೆ ಆ ಅಧ್ಯಯನ ಹೇಳಿದ್ದು ಅಂದಿನ ಮಾಮೂಲಿ ಚಿಕಿತ್ಸೆ ಪಡೆದವರು ಎಲ್ಲಿಗೆ ಮುಟ್ಟಿದರು ಎಂಬುದನ್ನು. ಆಮೇಲೆ ಸರಿಯಾಗಿ ಕಸರತ್ತು ಮಾಡಿಸಿದರೆ ಏನಾಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ.

ಅದಕ್ಕೆ ಉತ್ತರ 2011ರಲ್ಲಿ ಅಮೆರಿಕದ 'ಲೀಪ್ಸ್' ಎಂಬ ಅಧ್ಯಯನದಿಂದ ಬಂತು. ಪಮೇಲಾ ಡಂಕನ್ ಮತ್ತು ಸಂಗಡಿಗರು 408 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ತಿಂಗಳಾದಾಗ ಟ್ರೆಡ್‌ಮಿಲ್ ತರಬೇತಿ, ಸೊಂಟಕ್ಕೆ ಪಟ್ಟಿ ಕಟ್ಟಿ ಮೇಲಿನಿಂದ ತೂಗುಹಾಕಿ ದೇಹದ ಭಾರ ಒಂದಿಷ್ಟು ಇಳಿಸಿ ನಡೆಸುವ ಬಗೆಯದು. ಇನ್ನೊಂದಕ್ಕೆ ಅದೇ ತರಬೇತಿ, ಆದರೆ ಆರು ತಿಂಗಳು ಕಳೆದ ಮೇಲೆ. ಮೂರನೆಯ ಗುಂಪಿಗೆ ಯಂತ್ರವೇ ಇಲ್ಲ. ಫಿಜಿಯೋಥೆರಪಿಸ್ಟರು ಮನೆಗೇ ಬಂದು ಬಲ ಮತ್ತು ಸಮತೋಲನದ ಕಸರತ್ತು ಮಾಡಿಸಿದರು. ವರ್ಷದ ಕೊನೆಗೆ ನೋಡಿದರೆ ಮೂರೂ ಗುಂಪಿನವರ ನಡಿಗೆಯ ವೇಗ ಸರಿಸುಮಾರು ಒಂದೇ ಪ್ರಮಾಣದಲ್ಲಿ ಏರಿತ್ತು, ಸೆಕೆಂಡಿಗೆ ಸುಮಾರು ಕಾಲು ಮೀಟರಿನಷ್ಟು. ಆರು ತಿಂಗಳ ನಂತರ ಶುರುಮಾಡಿದವರೂ ಹಿಂದೆ ಬೀಳಲಿಲ್ಲ. ನಿಮ್ಮ ತಂದೆಯ ಗಡುವು ಮುಗಿದಿಲ್ಲ.

ಇಂಥ ಒಂದೆರಡು ಅಧ್ಯಯನ ಹಿಡಿದುಕೊಂಡು ಮಾತಾಡುವುದು ಸಲ್ಲ ಎನ್ನುವವರಿಗೆ ಕಾಕ್ರೇನ್ ಸಂಸ್ಥೆಯ ಅವಲೋಕನವಿದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಸಾಂಡರ್ಸ್ ಮತ್ತು ಸಂಗಡಿಗರು 2020ರಲ್ಲಿ ಹೊಸದಾಗಿಸಿದ ಆ ಅವಲೋಕನದಲ್ಲಿ 75 ಪ್ರಯೋಗಗಳು, 3017 ರೋಗಿಗಳು. ಏದುಸಿರು ಬರಿಸುವ ತರಬೇತಿ, ಅಂದರೆ ಬಿರುಸು ನಡಿಗೆ, ಸೈಕಲ್ ತುಳಿತದಂಥವು, ದೇಹದ ಆಮ್ಲಜನಕ ಬಳಕೆಯನ್ನೂ ನಡಿಗೆಯ ವೇಗವನ್ನೂ ಹೆಚ್ಚಿಸುತ್ತದೆ, ಅಂಗವೈಕಲ್ಯವನ್ನು ತುಸು ತಗ್ಗಿಸುತ್ತದೆ ಎಂಬುದು ಅಲ್ಲಿ ಕಂಡ ಫಲ. ಆರು ನಿಮಿಷದಲ್ಲಿ ನಡೆಯುವ ದೂರ ಸರಾಸರಿ ಸುಮಾರು 33 ಮೀಟರ್ ಹೆಚ್ಚಿತು. ಇಷ್ಟೇನೇ ಎನ್ನಬೇಡಿ. ಹಿತ್ತಲಿನ ಬಚ್ಚಲಿಗೆ ಯಾರನ್ನೂ ಕರೆಯದೆ ಹೋಗಿಬರುವುದಕ್ಕೂ ಕರೆಯುತ್ತ ಕೂರುವುದಕ್ಕೂ ನಡುವೆ ಇರುವ ಅಂತರ ಅಷ್ಟೇ ಇರಬಹುದು. ಒಂದು ಮಾತು ಮಾತ್ರ ಮರೆಯಬಾರದು. ಆ ಪ್ರಯೋಗಗಳಲ್ಲಿದ್ದವರು ಹೆಚ್ಚಿನಂಶ ಅಷ್ಟೋ ಇಷ್ಟೋ ನಡೆಯಬಲ್ಲವರು. ಹಾಸಿಗೆ ಹಿಡಿದೇ ಇರುವವರಿಗೆ ಇದೇ ಫಲ ಸಿಕ್ಕೀತು ಎಂದು ಹೇಳಲು ಬರುವುದಿಲ್ಲ. ನಿಮ್ಮ ತಂದೆ ಕೋಲು ಹಿಡಿದು ಓಡಾಡುತ್ತಾರೆ, ಹಾಗಾಗಿ ಈ ಮಾತು ಅವರಿಗೆ ಅನ್ವಯಿಸುತ್ತದೆ.

ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಬಳಿಯುವುದು ಇವೆಲ್ಲ ನಮ್ಮ ಕಡೆ ಇನ್ನೂ ನಿಂತಿಲ್ಲ. ಪಾರಿವಾಳವನ್ನು ಅದರ ಪಾಡಿಗೆ ಬಿಡಿ. ಎಣ್ಣೆ ತಿಕ್ಕಿದರೆ ಹಿತವೆನಿಸುತ್ತದೆ, ತಪ್ಪೇನಿಲ್ಲ. ಆದರೆ ಆಗ ಕೆಲಸ ಮಾಡುವುದು ತಿಕ್ಕುವವರ ಕೈ, ಅಪ್ಪನ ಕಾಲಲ್ಲ. ಕುರ್ಚಿಯ ಮುಂದಿಟ್ಟು ತುಳಿಯುವ ಪೆಡಲ್ ಯಂತ್ರ ಇದಕ್ಕಿಂತ ಮೇಲು, ಉಸಿರಿನ ಕಸುವು ಹೆಚ್ಚುತ್ತದೆ. ಆದರೆ ಮಿದುಳು ಕಲಿಯುವುದು ಮಾಡಿಸಿದ ಕೆಲಸವನ್ನೇ. ತುಳಿದವರು ತುಳಿಯುವುದರಲ್ಲಿ ಪಳಗುತ್ತಾರೆ, ನಡಿಗೆ ಸುಧಾರಿಸಲು ನಡೆಯಲೇಬೇಕು.

ಅಮ್ಮನ ಭಯಕ್ಕೆ ಬರುತ್ತೇನೆ. ಆ ಭಯ ಹುಸಿಯಲ್ಲ. ಶ್ರಮಪಡುವಾಗ ಬಿ.ಪಿ. ಏರುತ್ತದೆ. ಆದರೆ ನಿಯಮಿತ ವ್ಯಾಯಾಮ ವಾರಗಳು ಕಳೆದಂತೆ ವಿಶ್ರಾಂತಿಯಲ್ಲಿರುವ ಬಿ.ಪಿ.ಯನ್ನು ಇಳಿಸುತ್ತದೆ. 32 ದೇಶಗಳಲ್ಲಿ ನಡೆದ 'ಇಂಟರ್‌ಸ್ಟ್ರೋಕ್' ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಇದ್ದರು. ಲಕ್ವಕ್ಕೆ ದಾರಿಮಾಡುವ ಹತ್ತು ಕಾರಣಗಳಲ್ಲಿ ಏರಿದ ರಕ್ತದೊತ್ತಡದ ಪಾಲು ಎಲ್ಲಕ್ಕಿಂತ ದೊಡ್ಡದು ಎಂದು ಅದು ತೋರಿಸಿತು. ಮೈಗೆ ಚಟುವಟಿಕೆ ಇಲ್ಲದಿರುವುದೂ ಆ ಹತ್ತರಲ್ಲೊಂದು. ಅಂದರೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಕಾಪಾಡುತ್ತಿದ್ದೇವೆ ಎಂದುಕೊಳ್ಳುವುದು ಸರಿಯಲ್ಲ. ಮತ್ತೆ ಹೊಡೆಯುವ ಭಯಕ್ಕೆ ಮೊದಲ ಮದ್ದು, ಬಿ.ಪಿ. ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದಿರುವುದು.

ಹಾಗಂತ ನಾಳೆ ಬೆಳಿಗ್ಗೆಯೇ ಓಡಿಸಬೇಡಿ. ಮೊದಲು ವೈದ್ಯರನ್ನು ಕಂಡು ಇ.ಸಿ.ಜಿ. ಮಾಡಿಸಿ, ಹೃದಯದ ಬಡಿತದಲ್ಲಿ ಏರುಪೇರಿದೆಯೇ ತಿಳಿಯಿರಿ. ಕೂತಿದ್ದಾಗಲೇ ಬಿ.ಪಿ. 180/110 ದಾಟಿದ್ದರೆ ಅಂದು ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ಇದ್ದರೆ ಬರಿಹೊಟ್ಟೆಯಲ್ಲಿ ನಡೆಸಬೇಡಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ.

ತೀರಾ ಮುಂಚೆ, ತೀರಾ ಹೆಚ್ಚು ಮಾಡಿಸುವುದೂ ಒಳ್ಳೆಯದಲ್ಲ. ಇದು ನಿಮಗಲ್ಲ, ಈಗಷ್ಟೇ ಆಸ್ಪತ್ರೆ ಸೇರಿದವರ ಮನೆಯವರಿಗೆ. 2015ರ 'ಅವರ್ಟ್' ಅಧ್ಯಯನದಲ್ಲಿ 2104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಮತ್ತೆಮತ್ತೆ ನಡೆಸಿದವರಲ್ಲಿ ಮೂರು ತಿಂಗಳ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡವರು ನೂರಕ್ಕೆ 46, ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ 50. 2019ರಲ್ಲಿ ಬರ್ಲಿನ್ನಿನ ಸಂಶೋಧಕರೂ ಮೊದಲ ವಾರಗಳಲ್ಲೇ ಟ್ರೆಡ್‌ಮಿಲ್ ಕಸರತ್ತು ಮಾಡಿಸಿ ನೋಡಿದರು. ವಿಶ್ರಾಂತಿಯ ಅಭ್ಯಾಸ ಮಾಡಿದ ಗುಂಪಿಗಿಂತ ಅದು ಮೇಲಾಗಲಿಲ್ಲ, ತೊಂದರೆಗಳು ಹೆಚ್ಚು ಕಂಡವು. ನಿಮ್ಮ ತಂದೆ ಆ ಹಂತ ದಾಟಿದ್ದಾರೆ.

ಹಾಗಾದರೆ ಎಷ್ಟು ಮಾಡಿಸಬೇಕು? ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 3ರಿಂದ 5 ದಿನ, ದಿನಕ್ಕೆ 20ರಿಂದ 60 ನಿಮಿಷ ನಡಿಗೆಯಂಥ ವ್ಯಾಯಾಮ. ಅದರ ಜೊತೆ ವಾರಕ್ಕೆ 2-3 ದಿನ ಸ್ನಾಯು ಬಲಪಡಿಸುವ ಕಸರತ್ತು. ಒಂದೇ ಸಲಕ್ಕೆ ಇಪ್ಪತ್ತು ನಿಮಿಷ ಅವರಿಂದಾಗದು. ಎರಡು ನಿಮಿಷ ನಡೆಯಲಿ, ಎರಡು ನಿಮಿಷ ಕೂರಲಿ, ಮತ್ತೆ ನಡೆಯಲಿ. ಕೂರುವ ಹೊತ್ತನ್ನು ವಾರವಾರ ಸ್ವಲ್ಪಸ್ವಲ್ಪ ಕಡಿಮೆ ಮಾಡುತ್ತ ಬನ್ನಿ. ಎಷ್ಟು ದಣಿಯಬೇಕು ಎಂಬುದಕ್ಕೆ ನಾಡಿ ಎಣಿಸಿ ತಲೆಕೆಡಿಸಿಕೊಳ್ಳಬೇಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಿನ್ನುವವರಲ್ಲಿ ನಾಡಿ ಏರುವುದೇ ಕಡಿಮೆ. ನಡೆಯುತ್ತ ನಿಮ್ಮ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ದಣಿವು ಸಾಕು. ಏದುಸಿರು ಬಂದ ತಕ್ಷಣ 'ಸಾಕು ಕೂತ್ಕೊಳ್ಳಿ' ಅನ್ನುವುದು ಅಮ್ಮನ ಪ್ರೀತಿ, ನಿಜ. ಆದರೆ ಅದೇ ಏದುಸಿರಿನಿಂದಲೇ ಕಸುವು ಹೆಚ್ಚುವುದು ಎಂದು ಅವರಿಗೆ ಬಿಡಿಸಿ ಹೇಳಿ.

ಸ್ನಾಯುಗಳಿಗೆ ಡಂಬೆಲ್ ಬೇಕಿಲ್ಲ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಟ್ಟು ಎದ್ದು ಕೂರುವುದನ್ನು ಹತ್ತು ಸಲ ಮಾಡಿಸಿ. ಎಲ್ಲರೂ ಮಾಡುವ ಮೋಸ ಒಂದಿದೆ: ಬಲಗಾಲನ್ನು ಮುಂದಕ್ಕೆ ಚಾಚಿ, ಪೂರ್ತಿ ಎಡಗಾಲಿನ ಬಲದಲ್ಲೇ ಏಳುತ್ತಾರೆ. ಬಲ ಪಾದವನ್ನು ಎಡ ಪಾದಕ್ಕಿಂತ ಒಂದು ಗೇಣು ಹಿಂದಕ್ಕೆ ಇಡಿಸಿ. ಆಗ ಸೋತ ಕಾಲು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸುಲಭವಾದರೆ ಇನ್ನೂ ತಗ್ಗಾದ ಕುರ್ಚಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು, ಕೆಳಗಿನ ಮೆಟ್ಟಿಲಿಗೆ ಹತ್ತಿ ಇಳಿಯುವುದು ಆಮೇಲೆ. ಉಸಿರು ಬಿಗಿಹಿಡಿಯಬಾರದು, ಜೋರಾಗಿ ಎಣಿಸಲು ಹೇಳಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಕೋಲು ಯಾವಾಗಲೂ ಒಳ್ಳೆಯ ಕೈಯಲ್ಲಿ.

ಬಲದ ಕಸರತ್ತು ಮಾಡಿಸಿದರೆ ಕೈಕಾಲು ಇನ್ನಷ್ಟು ಸೆಟೆದುಕೊಳ್ಳುತ್ತದೆ ಎಂದು ಯಾರಾದರೂ ಹೆದರಿಸಬಹುದು. ಇದು ಹಳೆಯ ನಂಬಿಕೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ಬೆರ್ಟಾ ಬೊಬಾತ್ ಮತ್ತು ಕಾರೆಲ್ ಬೊಬಾತ್ ದಂಪತಿ ರೂಪಿಸಿದ ಪದ್ಧತಿಯಿಂದ ಬಂದದ್ದು; ದಶಕಗಳ ಕಾಲ ಫಿಜಿಯೋಥೆರಪಿಸ್ಟರು ಅದನ್ನೇ ಪಾಲಿಸಿದರು. ಆಮೇಲಿನ ಪ್ರಯೋಗಗಳಲ್ಲಿ ಬಲ ಹೆಚ್ಚಿತು, ಸೆಟೆತ ಹೆಚ್ಚಲಿಲ್ಲ.

ಜೊತೆಗೆ ನಡೆಯುವವರು ಯಾವತ್ತೂ ಸೋತ ಕೈ ಹಿಡಿದು ಎಳೆಯಬಾರದು. ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳಲ್ಲಿ ಬಲವಿರುವುದಿಲ್ಲ. ಎಳೆದರೆ ಕೀಲು ಜಾರಿ ಆಯುಷ್ಯಪೂರ್ತಿ ನೋವು ಉಳಿಯಬಹುದು. ಒಂದು ಟವೆಲನ್ನು ಉದ್ದಕ್ಕೆ ಮಡಚಿ ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಅವರ ಬಲಗಡೆ ಅರ್ಧ ಹೆಜ್ಜೆ ಹಿಂದೆ ನಿಂತು, ಬೆನ್ನ ಹಿಂದೆ ಆ ಟವೆಲನ್ನು ಹಿಡಿದುಕೊಳ್ಳಿ.

ಅಳತೆ ಇಲ್ಲದಿದ್ದರೆ ಸುಧಾರಣೆ ಕಣ್ಣಿಗೆ ಬೀಳುವುದಿಲ್ಲ. ಪಡಸಾಲೆಯಲ್ಲೋ ಮನೆಮುಂದಿನ ರಸ್ತೆಯಲ್ಲೋ ಹತ್ತು ಮೀಟರ್ ಅಳೆದು ಸುಣ್ಣದಲ್ಲಿ ಎರಡು ಗೆರೆ ಎಳೆಯಿರಿ. ಗೆರೆಗಿಂತ ಎರಡು ಮೀಟರ್ ಹಿಂದಿನಿಂದ ಅವರು ಹೊರಡಲಿ, ಎರಡನೆಯ ಗೆರೆ ದಾಟಿ ನಿಲ್ಲಲಿ. ನಡುವಿನ ಹೊತ್ತನ್ನು ಮೊಬೈಲಿನಲ್ಲಿ ಹಿಡಿದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಇಪ್ಪತ್ತೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ಮನೆಯೊಳಗಿಗೆ ಸೀಮಿತ. ಹನ್ನೆರಡೂವರೆ ಸೆಕೆಂಡಿಗಿಂತ ಕಡಿಮೆಯಾದರೆ ಸಂತೆ, ದೇವಸ್ಥಾನ, ಬ್ಯಾಂಕಿಗೆ ತಾವೇ ಹೋಗಿಬರಬಲ್ಲರು ಎಂಬುದು ಅಂದಾಜು. ನಗರಗಳಲ್ಲಿ ರಸ್ತೆ ದಾಟುವ ಸಿಗ್ನಲ್ ಹೊಂದಿಸುವಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವ ವೇಗ ಸೆಕೆಂಡಿಗೆ 1.2 ಮೀಟರ್, ಅಂದರೆ ಇದೇ ದೂರಕ್ಕೆ ಎಂಟು ಸೆಕೆಂಡು ಚಿಲ್ಲರೆ. ಅಷ್ಟು ಬೇಗ ದಾಟಬಲ್ಲ ಹಿರಿಯರು ಲಕ್ವ ಹೊಡೆಯದವರಲ್ಲೂ ಎಷ್ಟಿದ್ದಾರೋ!

ಇಷ್ಟೆಲ್ಲ ಹೇಳಿಯೂ ಅಪ್ಪ ಏಳಲೊಲ್ಲರು ಎಂದರೆ ಸೋಮಾರಿತನ ಎಂದು ಗದರಬೇಡಿ. ಲಕ್ವ ಹೊಡೆದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಅನ್ನ ಸೇರದಿರುವುದು, ನಿದ್ದೆ ಬಾರದಿರುವುದು, ಮೊಮ್ಮಕ್ಕಳು ಬಂದರೂ ಮುಖ ಅರಳದಿರುವುದು ಕಂಡರೆ ವೈದ್ಯರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ. ಅದಿಲ್ಲದೆ ಕಸರತ್ತು ಮುಂದೆ ಸಾಗುವುದಿಲ್ಲ.

ಇದನ್ನೆಲ್ಲ ಮನೆಯವರೇ ಮಾಡಿಸಿದರೆ ಆಗದೇ ಎಂದು ನೀವು ಕೇಳಬಹುದು. ಆ ಆಸೆಯಿಂದಲೇ ನಮ್ಮ ದೇಶದಲ್ಲಿ 'ಅಟೆಂಡ್' ಎಂಬ ದೊಡ್ಡ ಪ್ರಯೋಗ ನಡೆಯಿತು. 14 ಆಸ್ಪತ್ರೆಗಳು, 1250 ರೋಗಿಗಳು. ಅರ್ಧ ಜನರ ಮನೆಯವರಿಗೆ ಆರೈಕೆ ಮತ್ತು ಕಸರತ್ತಿನ ತರಬೇತಿ ಕೊಟ್ಟರು. 2017ರಲ್ಲಿ ಫಲಿತಾಂಶ ಬಂದಾಗ ವ್ಯತ್ಯಾಸವೇ ಇರಲಿಲ್ಲ. ಆರು ತಿಂಗಳ ಹೊತ್ತಿಗೆ ಎರಡೂ ಗುಂಪುಗಳಲ್ಲಿ ನೂರಕ್ಕೆ 47 ಜನ ತೀರಿಕೊಂಡಿದ್ದರು, ಇಲ್ಲವೇ ಪರಾಧೀನರಾಗಿದ್ದರು. ಇದರಿಂದ ಮನೆಯವರ ಶ್ರಮ ವ್ಯರ್ಥ ಎಂದು ನಾನು ತೀರ್ಮಾನಿಸುವುದಿಲ್ಲ. ಲೀಪ್ಸ್‌ನಲ್ಲಿ ಮನೆಯಲ್ಲೇ ಕಸರತ್ತು ಮಾಡಿ ಗೆದ್ದವರ ಪಕ್ಕದಲ್ಲಿ ಪ್ರತಿ ಸಲವೂ ಫಿಜಿಯೋಥೆರಪಿಸ್ಟ್ ಇದ್ದರು, ಒಟ್ಟು 36 ಸಲದ ಕಾರ್ಯಕ್ರಮ ಅದು. ದಿನಾ ನಡೆಸುವುದು ನಿಮ್ಮಿಂದಾಗುತ್ತದೆ. ಯಾವಾಗ ಕುರ್ಚಿ ತಗ್ಗಿಸಬೇಕು, ಯಾವಾಗ ಕೋಲು ಬಿಡಿಸಬೇಕು ಎಂದು ನಿರ್ಧರಿಸಲು ಪಳಗಿದ ಕಣ್ಣು ಬೇಕು. ದಿನವೂ ಕರೆಸಲು ಆಗದಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ಕರೆಸಿ, ಕ್ಯಾಲೆಂಡರ್ ತೋರಿಸಿ. ಜಿಲ್ಲಾ ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗದಲ್ಲೂ ವಿಚಾರಿಸಿ.

ಉಳಿದದ್ದು ನಿಮ್ಮ ತಮ್ಮನ ಟ್ರೆಡ್‌ಮಿಲ್. 2023ರಲ್ಲಿ ಅಮೆರಿಕದಲ್ಲಿ 55 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಬಿಟ್ಟುಬಿಟ್ಟು ಅತಿ ಬಿರುಸಾಗಿ ನಡೆಸಿದವರ ಆರು ನಿಮಿಷದ ದೂರ ಹನ್ನೆರಡು ವಾರದಲ್ಲಿ 71 ಮೀಟರ್ ಹೆಚ್ಚಿತು, ಸಾಧಾರಣ ವೇಗದಲ್ಲಿ ನಡೆದವರದು 27. ಓದಿದರೆ ಆಸೆಯಾಗುತ್ತದೆ. ಆದರೆ ಅದು ಹೃದಯ ಪರೀಕ್ಷೆ ಮಾಡಿಸಿ, ಬೀಳದಂತೆ ಪಟ್ಟಿ ಕಟ್ಟಿ, ತಜ್ಞರ ಎದುರು ಮಾಡಿಸಿದ್ದು. ಮನೆಯಲ್ಲಿ ಸ್ಪರ್ಶವಿಲ್ಲದ ಪಾದ, ಓಡುವ ಬೆಲ್ಟು, ಹಿಡಿಯಲು ಒಂದೇ ಕೈ. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಲೀಪ್ಸ್‌ನಲ್ಲೂ ನಡಿಗೆ ತೀರಾ ಸೋತಿದ್ದವರ ಪೈಕಿ, ಬೇಗ ಟ್ರೆಡ್‌ಮಿಲ್ ಹತ್ತಿದವರೇ ಮತ್ತೆಮತ್ತೆ ಬಿದ್ದದ್ದು ಹೆಚ್ಚು. ಕೊಳ್ಳಬೇಡಿ. ಆ ದುಡ್ಡಿನಲ್ಲಿ ಫಿಜಿಯೋಥೆರಪಿಸ್ಟರ ಹಲವು ಭೇಟಿ, ಒಂದು ಸ್ಪ್ಲಿಂಟ್, ಎರಡು ಜೊತೆ ಶೂ, ಬಚ್ಚಲಿನ ಗೋಡೆಗೆ ಒಂದು ಹಿಡಿಕಂಬಿ ಎಲ್ಲವೂ ಬರುತ್ತವೆ.